ಹನ್ನೊಂದನೆಯ ದಿನ ಹೊರಗೆ ಹೋದ ಕಂಪ್ಯೂಟರು

ನನ್ನ ಗಂಡ ಗಾವಡಗೆರೆಯಲ್ಲಿ ಬಸ್ ನಿಲ್ಲುವ ಕಡೆ ಒಂದು ಜೆರಾಕ್ಸ್ ಅಂಗಡಿ ಇಟ್ಟಿದ್ದರು. ಜೆರಾಕ್ಸ್ ಹೆಸರಿಗೆ ಮಾತ್ರ. ಪಹಣಿ ತೆಗೆಯುವುದು, ರೇಷನ್ ಕಾರ್ಡಿಗೆ ಸೊಸೆಯ ಹೆಸರು ಸೇರಿಸುವುದು, ಹೊಗೆಸೊಪ್ಪಿನ ಲೈಸೆನ್ಸಿನ ಕಾಗದ ಸ್ಕ್ಯಾನ್ ಮಾಡುವುದು, ಎಲ್ಲವೂ ಅಲ್ಲೇ ಆಗುತ್ತಿತ್ತು. ಸುತ್ತಲಿನ ಹಳ್ಳಿಯವರು ಆಧಾರ್ ಕಾರ್ಡು, ಪಾಸ್‌ಬುಕ್ಕು ಒಮ್ಮೆ ತಂದುಕೊಟ್ಟರೆ ಮುಗಿಯಿತು. ಎರಡನೆಯ ಸಲ ಬರಿಗೈಯಲ್ಲಿ ಬರುತ್ತಿದ್ದರು. ‘ನಿಮ್ ಕಂಪ್ಯೂಟರ್‌ಲೇ ಅದೆಯಲ್ಲ ಬುಡಿ ಸಾ’ ಅನ್ನುತ್ತಿದ್ದರು. ಪಾಸ್‌ವರ್ಡನ್ನು ತಾವು ಮರೆಯುತ್ತೇವೆಂದು ಅದನ್ನೂ ಇವರಿಗೇ ಒಪ್ಪಿಸಿದ್ದರು. ಇವರು ಮನೆಗೊಂದು ಫೋಲ್ಡರ್ ಮಾಡಿ, ಪಾಸ್‌ವರ್ಡುಗಳನ್ನೆಲ್ಲ ಒಂದೇ ಫೈಲಿನಲ್ಲಿ ಬರೆದಿಟ್ಟಿದ್ದರು. ಮಧ್ಯಾಹ್ನ ಅಂಗಡಿಯಲ್ಲಿ ನಾನು ಕೂರುತ್ತಿದ್ದೆ. ಆ ಫೈಲನ್ನು ನನಗೂ ತೆರೆಯಲು ಬಿಡುತ್ತಿರಲಿಲ್ಲ. ‘ನಂಬಿ ಕೊಟ್ಟವ್ರೆ ಕಣೆ’ ಅನ್ನುತ್ತಿದ್ದರು.

ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ.

ಹನ್ನೊಂದನೆಯ ದಿನ ತಿಥಿ. ಹೋದವರ ಹಾಸಿಗೆ, ಚಾಪೆ, ಬಟ್ಟೆ ಅಂದು ಮನೆಯಿಂದ ಹೊರಗೆ ಹೋಗಬೇಕು. ಆ ಕೆಲಸಕ್ಕೆ ನಿಂತವರು ಭಾವ, ನನ್ನ ಗಂಡನ ಅಣ್ಣ. ಎಂದೂ ಅಂಗಡಿಯ ಒಳಗೆ ಕಾಲಿಡದವರು ಅವತ್ತು ಬೀಗ ತೆಗೆಸಿ ಕಂಪ್ಯೂಟರನ್ನೂ ಗೂಡ್ಸ್ ಆಟೋಗೆ ಏರಿಸಿದರು. ನೆಂಟರಿಗೆ ಬಡಿಸಿ ಮುಗಿಸಿದ ಮೇಲೆ ನನಗೆ ತಿಳಿಯಿತು.

‘ಭಾವ, ಕಂಪ್ಯೂಟರ್ ಎಲ್ಲಿ?’

‘ಹುಣಸೂರ್ ಗುಜರಿಗೆ ಆಕ್ಬುಟ್ಟೆ ಕಣವ್ವ. ಸತ್ತೋರ್ ವಸ್ತು ಮಡಿಕೋಬಾರ್ದು. ಅವ್ನು ದಿನಾ ಕೈ ಇಟ್ಕೊಂಡ್ ಕೂತಿದ್ದದ್ದು ಅದರ ಮ್ಯಾಲೇ ತಾನೆ?’

‘ಅದರಲ್ಲಿ ಊರೋರ ಕಾಗದ ಎಲ್ಲಾ ಅದೆ.’

‘ಅಷ್ಟೂ ಗೊತ್ತಿಲ್ವಾ ನಂಗೆ? ಅಂಗಡೀಲೇ ಆನ್ ಮಾಡಿ, ಎಲ್ಲಾನೂ ಅಳಿಸಿಯೇ ಕೊಟ್ಟಿವ್ನಿ.’

ಇಷ್ಟು ಹೇಳಿ ನನ್ನ ಗಂಡನ ಬೈಕ್ ಹತ್ತಿ ಹೊರಟರು. ಬೈಕು ಅವರ ಲೆಕ್ಕದಲ್ಲಿ ಸತ್ತವರ ವಸ್ತು ಆಗಿರಲಿಲ್ಲ.

ಮಾರನೆಯ ದಿನ ಹುಣಸೂರಿನ ಬಸ್ ಹತ್ತಿದೆ. ಗಂಡ ಹೋಗಿ ಹನ್ನೆರಡು ದಿನಕ್ಕೇ ಬಸ್ ಹತ್ತಿದಳೆಂದು ಇಬ್ಬರು ಹೆಂಗಸರು ನನಗೆ ಕೇಳುವ ಹಾಗೆಯೇ ಪಿಸುಗುಟ್ಟಿದರು. ನನ್ನ ಕಡೆ ತಿರುಗಿ ‘ಊಟ ಮಾಡ್ದ್ರಾ’ ಎಂದು ಕೇಳುವಷ್ಟು ಮನಸ್ಸು ಮಾತ್ರ ಇಬ್ಬರಿಗೂ ಇರಲಿಲ್ಲ.

ಗುಜರಿಯವನು ಕಂಪ್ಯೂಟರನ್ನು ಆಗಲೇ ಪಕ್ಕದ ರಿಪೇರಿ ಅಂಗಡಿಗೆ ದಾಟಿಸಿದ್ದ. ರಿಪೇರಿಯವನು ಅದನ್ನು ಮೇಜಿನ ಮೇಲಿಟ್ಟು ಆನ್ ಮಾಡಿದ್ದ. ಪರದೆ ಖಾಲಿ. ಮೂಲೆಯಲ್ಲಿದ್ದ ಕಸದ ಬುಟ್ಟಿಯ ಚಿತ್ರವನ್ನು ನಾನು ಒತ್ತಿದೆ. ಎಲ್ಲವೂ ಅಲ್ಲೇ ಇತ್ತು. ಕೆರೆ ಏರಿ ಮನೆ, ಮೇಗಲ ಕೇರಿ ಮನೆ, ಪಾಸ್‌ವರ್ಡಿನ ಫೈಲು. ಭಾವ ಅಳಿಸಿದ್ದೆಂದರೆ ಕಸವನ್ನು ಬಾಗಿಲ ಹಿಂದಕ್ಕೆ ಗುಡಿಸಿದ್ದು. ಅಷ್ಟಕ್ಕೇ ಅವರು ನೆಂಟರ ಮುಂದೆ ಮೀಸೆ ತಿರುವಿದ್ದರು.

‘ಅಕ್ಕಾ, ಇದಕ್ಯಾಕೆ ತಲೆ ಕೆಡಿಸ್ಕೊತೀರಿ?’ ಎಂದ ರಿಪೇರಿಯವನು. ‘ಫಾರ್ಮ್ಯಾಟ್ ಹೊಡೆದ್ರೆ ಎಲ್ಲಾ ಸೊನ್ನೆ. ಡಿಸ್ಕ್ ಇಲ್ಲೇ ಇರ್ಲಿ, ಬೇರೆ ಗಿರಾಕಿಗೆ ಆಕ್ತೀನಿ.’

‘ಫಾರ್ಮ್ಯಾಟ್ ಆಗಿದ್ದ ಕ್ಯಾಮೆರಾ ಕಾರ್ಡಿಂದ ನಮ್ಮೆಜಮಾನ್ರು ಒಬ್ಬಳ ಸೀಮಂತದ ಫೋಟೋ ಎಲ್ಲ ವಾಪಸ್ ತೆಗೆದುಕೊಟ್ಟಿದ್ರು. ಆ ಕೆಲಸ ನಿಮಗೆ ಬರಲ್ವೇನೋ.’

‘ಏನಕ್ಕ ಇಂಗಂತೀರಿ! ಅದೇನ್ ದೊಡ್ಡದು? ಬೆಳಗಾದ್ರೆ ಅದೇ ಕೆಲಸ ನಮ್ದು’ ಎಂದು ನಕ್ಕ. ನಕ್ಕ ಮೇಲೆ ತಾನು ಹೇಳಿದ್ದೇನೆಂದು ಗೊತ್ತಾಗಿ ಸ್ಕ್ರೂಡ್ರೈವರ್ ಹುಡುಕತೊಡಗಿದ.

‘ಬಿಚ್ಚಿಕೊಡಿ. ಡಬ್ಬ ನೀವೇ ಇಟ್ಕೊಳ್ಳಿ, ಡಿಸ್ಕ್ ನನಗೆ.’

ಆಫ್ ಮಾಡುವ ಮೊದಲು ಆ ಪಟ್ಟಿಯ ಕೊನೆಯ ಸಾಲು ಕಣ್ಣಿಗೆ ಬಿತ್ತು. ‘ನಮ್ಮ ಮನೆ’ ಎಂದು ಬರೆದಿದ್ದರು. ತೆರೆಯದೆಯೇ ನನಗೆ ಗೊತ್ತಿತ್ತು, ಅದರಲ್ಲಿ ಅಂಗಡಿಯಲ್ಲಿ ಫೋಟೋ ತೆಗೆಯಲು ಕಟ್ಟಿದ್ದ ನೀಲಿ ಬಟ್ಟೆಯ ಮುಂದೆ ಅವರು ತೆಗೆದ ನನ್ನ ಫೋಟೋಗಳಿದ್ದವು. ಒಂದರಲ್ಲಿ ಅವರ ಕೈ ಕಾಣುತ್ತಿತ್ತು, ನನ್ನ ಸೆರಗು ಸರಿಮಾಡುವ ಕೈ. ‘ಪೆನ್‌ಡ್ರೈವ್‌ಗೆ ಆಕ್ಕೊಡ್ಲಾ?’ ಎಂದು ರಿಪೇರಿಯವನು ಕತ್ತು ಚಾಚಿದ. ಅವನ ಕಣ್ಣಿನ ಮುಂದೆ ಅದನ್ನು ತೆರೆಯುವ ಮನಸ್ಸಾಗಲಿಲ್ಲ. ಬೇಡ ಎಂದೆ. ಆ ಬೇಡ ಎಂಬ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ವೆಲ್ಡಿಂಗ್ ಅಂಗಡಿಯಲ್ಲಿ ಡಿಸ್ಕಿಗೆ ಡ್ರಿಲ್ ಹಾಕಿಸಿದೆ. ವೆಲ್ಡಿಂಗಿನವನು ಒಂದು ತೂತು ಹಾಕಿ ನನ್ನ ಮುಖ ನೋಡಿದ. ಇನ್ನೂ ಹಾಕಿ ಎಂದೆ. ಒಳಗಿನ ಹೊಳೆಯುವ ಬಿಲ್ಲೆಗಳ ಆಚೆ ಬೆಳಕು ಕಾಣುವ ತನಕ ಹಾಕಿಸಿ, ಅದನ್ನು ಸೆರಗಿನಲ್ಲಿ ಸುತ್ತಿಕೊಂಡೆ. ಆಮೇಲೊಂದು ದಿನ ಮೈಸೂರಿಗೆ ಹೋದಾಗ ಹಳೆಯ ಎಲೆಕ್ಟ್ರಾನಿಕ್ ಸಾಮಾನು ತೆಗೆದುಕೊಳ್ಳುವವರಿಗೆ ಕೊಟ್ಟುಬಂದೆ.

ಭಾವ ಕೇಳಿ ತಲೆ ಚಚ್ಚಿಕೊಂಡರು. ‘ಒಳ್ಳೆ ಮಾಲು ಆಳ್ ಮಾಡ್ಬುಟ್ಟಲ್ಲವ್ವ!’

ಇದರಿಂದ ಊರು ನನ್ನನ್ನು ಹೊಗಳೀತೆಂದು ನಾನೂ ಎಣಿಸಿರಲಿಲ್ಲ. ತಿಂಗಳು ಕಳೆದ ಮೇಲೆ ಕಟ್ಟೆಮಳಲವಾಡಿಯ ಒಬ್ಬ ಹೆಂಗಸು ಮನೆಗೇ ಬಂದಳು. ಐದಾರು ವರ್ಷ ಅವಳ ಕಾಗದವೆಲ್ಲ ಇವರ ಬಳಿಯೇ ಇತ್ತು.

‘ಅಕ್ಕೋ, ನಮ್ ಆಧಾರ್ದು ಒಂದ್ ಜೆರಾಕ್ಸ್ ತೆಕ್ಕೊಡಿ.’

‘ಅದು ಈಗಿಲ್ಲ. ಯಾರ ಕೈಗೂ ಸಿಕ್ಕಬಾರದು ಅಂತ ಡಿಸ್ಕನ್ನೇ ಒಡೆಸಿಹಾಕಿದೆ.’

‘ಅಯ್ಯೋ ಶಿವನೆ! ಒಂದ್ ಮಾತ್ ಕೇಳ್ಬಾರ್ದಾ? ಈಗ ಮನೆಗೋಗಿ ತರ್ಬೇಕಾ ನಾನು? ಸಾ ಇದ್ದಿದ್ರೆ ಇಂಗೆ ಮಾಡ್ತಿರ್ಲಿಲ್ಲ ಬುಡಿ.’

ನನ್ನ ಗಂಡ ಇದ್ದಿದ್ದರೆ ಏನು ಮಾಡುತ್ತಿದ್ದರೆಂದು ಅವಳು ನನಗೆ ಹೇಳಿಕೊಟ್ಟಳು. ಅವರಿಗೆ ಏನಾಗಿತ್ತು ಎಂದು ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಫೋನ್ ಮಾಡಿ, ಹೊಸದಾಗಿ ತೆರೆದ ಅಂಗಡಿಯವನಿಗೆ ಆಧಾರ್ ನಂಬರನ್ನು ಬೀದಿಗೆಲ್ಲ ಕೇಳುವ ಹಾಗೆ ಒಂದೊಂದೇ ಅಂಕಿಯಾಗಿ ಬಾಯಿಪಾಠ ಒಪ್ಪಿಸುತ್ತ ಹೋದಳು.