ಹೊಲಿಗೆಯೊಳಗಿನ ಕಾಗದ

ಪತ್ರಿಕೆಗೆ ಸೇರಿ ಆರು ವರ್ಷವಾದರೂ ಅವಳ ಪಾಲಿಗೆ ಬಂದದ್ದು ಮನೆಗೆಲಸದ ಅಂಕಣವೊಂದೇ: ಕಲೆ ತೆಗೆಯುವುದು ಹೇಗೆ, ಉಣ್ಣೆಬಟ್ಟೆ ಕುಗ್ಗದಂತೆ ಒಗೆಯುವುದು ಹೇಗೆ. ತನಿಖಾ ವರದಿ ಬರೆಯುತ್ತೇನೆಂದಾಗಲೆಲ್ಲ ಸಂಪಾದಕರು ನಕ್ಕುಬಿಡುತ್ತಿದ್ದರು.

ಅಷ್ಟರಲ್ಲಿ ಅತ್ತೆ ಸೊಂಟ ಮುರಿದುಕೊಂಡು ಸರಕಾರಿ ಆಸ್ಪತ್ರೆ ಸೇರಿದರು. ಗಂಡನಿಗೆ ರಜೆ ಸಿಗಲಿಲ್ಲ. ಅವಳಿಗೆ ಸಿಗುತ್ತದೆಂದು ಎಲ್ಲರೂ ಮೊದಲೇ ತೀರ್ಮಾನಿಸಿದ್ದರು. ಅತ್ತೆಯ ಹಾಸಿಗೆಗೆ ಬೇರೆ ಹಾಸು ಹಾಕುವಾಗ ಅವಳ ಮೂಗು ಚುರುಕಾಯಿತು. ಇಸ್ತ್ರಿ ಗೆರೆಯೇನೋ ಇದೆ, ಸೋಪಿನ ವಾಸನೆಯೇ ಇಲ್ಲ. ವಿಚಾರಿಸಿದರೆ, ಬಿಸಿನೀರಲ್ಲಿ ಒಗೆದಿದ್ದೇನೆಂದು ಬಟ್ಟೆ ಒಗೆಯುವ ಗುತ್ತಿಗೆದಾರ ಬರೆದುಕೊಡುತ್ತಿದ್ದ, ಆಸ್ಪತ್ರೆಯ ಅಧಿಕಾರಿ ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದ. ಇತ್ತ ವಾರ್ಡಿನಲ್ಲಿ ಒಬ್ಬರ ಗಾಯದ ಕೀವು ಇನ್ನೊಬ್ಬರಿಗೆ ಹತ್ತುತ್ತಿತ್ತು.

“ನಿನ್ನ ಮೂಗನ್ನ ಅಚ್ಚು ಹಾಕೋಕಾಗತ್ತೇನಮ್ಮ? ಸಾಕ್ಷಿ ತಗೊಂಡು ಬಾ,” ಎಂದರು ಸಂಪಾದಕರು.

ಸಾಕ್ಷಿ ಹೊಳೆದದ್ದು ಮನೆಯ ಬಚ್ಚಲಲ್ಲಿ. ಗಂಡ ಎಂದಿನಂತೆ ಬಸ್ ಟಿಕೆಟನ್ನು ಜೇಬಿನಲ್ಲೇ ಬಿಟ್ಟಿದ್ದ. ಅದು ನೀರಲ್ಲಿ ಕರಗಿ ಅಂಗಿಯ ತುಂಬ ಮೆತ್ತಿಕೊಂಡಿತ್ತು. ಬೈಯಲು ಬಾಯಿ ತೆರೆದವಳು ಆ ಮುದ್ದೆಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು: ಒಂದಕ್ಷರವೂ ಉಳಿದಿರಲಿಲ್ಲ.

ಮರುದಿನ ವಾರ್ಡಿನಿಂದ ಒಗೆಯಲು ಹೊರಟ ಹತ್ತು ಹಾಸುಗಳ ಅಂಚು ಬಿಚ್ಚಿ, ತಾರೀಕಿದ್ದ ತನ್ನ ಪತ್ರಿಕೆಯ ಚೂರನ್ನು ಒಳಗಿಟ್ಟು, ಕೆಂಪು ದಾರದಲ್ಲಿ ಹೊಲಿಯತೊಡಗಿದಳು.

“ಏನೇ ಅದು, ಮಾಟ ಮಾಡ್ತಿದೀಯಾ?” ಅತ್ತೆ ಕೇಳಿದರು.

“ನಿಮ್ಮ ಮಗನ ಕೆಟ್ಟ ಅಭ್ಯಾಸ ಅತ್ತೆ, ಈಗ ಉಪಯೋಗಕ್ಕೆ ಬಂತು.”

ಕತೆಯೆಲ್ಲ ಕೇಳಿದ ಅತ್ತೆ, “ಅವರಪ್ಪಂದೂ ಇದೇ ಗೋಳು! ಕೊಡಿಲ್ಲಿ, ನಾಲ್ಕು ನಾನು ಹೊಲೀತೀನಿ. ಮುರಿದಿರೋದು ಸೊಂಟ, ಕೈಯಲ್ಲ,” ಎಂದರು.

ಮೂರನೆಯ ದಿನ ಹಾಸುಗಳು ‘ಒಗೆದಾಗಿದೆ’ ಎಂಬ ಚೀಟಿಯೊಂದಿಗೆ ಮರಳಿದವು. ಹಿರಿಯ ನರ್ಸಿನ ಎದುರಿಗೇ ಅವಳು ಕೆಂಪು ದಾರ ಕಿತ್ತಳು. ಹತ್ತು ಚೂರುಗಳೂ ಗರಿಗರಿಯಾಗಿದ್ದವು, ಒಂದಕ್ಷರ ಅಳಿಸಿರಲಿಲ್ಲ. ನರ್ಸು ಪೆನ್ನು ತೆಗೆದು ಸಾಕ್ಷಿ ಸಹಿ ಹಾಕಿದರು.

ಮೇಜಿನ ಮೇಲಿಟ್ಟ ಚೂರುಗಳನ್ನು ಸಂಪಾದಕರು ಕನ್ನಡಕ ಏರಿಸಿ ನೋಡಿದರು. “ಇದು ನನ್ನ ಸಂಪಾದಕೀಯ ಅಲ್ವೇನಮ್ಮ?”

“ಹೌದು ಸರ್. ಇಷ್ಟು ಜೋಪಾನವಾಗಿ ಯಾರೂ ಇಟ್ಟಿರಲಿಲ್ಲ.”

ವರದಿ ಮುಖಪುಟದಲ್ಲಿ ಬಂತು, ಗುತ್ತಿಗೆ ರದ್ದಾಯಿತು. ಅತ್ತೆ ಮನೆಗೆ ಹೊರಡುವ ಹೊತ್ತಿಗೆ ವಾರ್ಡಿನಲ್ಲಿ ಸೋಪಿನ ವಾಸನೆಯಿತ್ತು. ಅಂಕಣ ಬೇರೆಯವರಿಗೆ ಹೋಯಿತು. ಅವಳಿಗೆ ರಸ್ತೆ, ಶಾಲೆ, ಪಡಿತರದ ತನಿಖೆಗಳು ಒಂದರ ಹಿಂದೊಂದು ಬಂದವು.

ಈಗ ಅವಳು ಬೆಳಿಗ್ಗೆ ಚೀಲ ಹೆಗಲಿಗೇರಿಸುವಾಗ ಬಚ್ಚಲಿನಿಂದ ನೀರಿನ ಸದ್ದು ಕೇಳುತ್ತದೆ. ಅತ್ತೆ ಊರುಗೋಲು ಹಿಡಿದು ಅದರ ಬಾಗಿಲಲ್ಲಿ ನಿಂತಿರುತ್ತಾರೆ.

“ನೆನೆಹಾಕೋ ಮುಂಚೆ ಜೇಬು ನೋಡಿದ್ಯೇನೋ?”

“ನೋಡ್ದೆ ಕಣಮ್ಮಾ,” ಎನ್ನುತ್ತಾನೆ ಗಂಡ.