ಅತ್ತಿಗೆ ಹೆಸರು ಹೇಳಿದ ದಿನ

ಓಟಿನ ಹಿಂದಿನ ದಿನ ಮಧ್ಯಾಹ್ನ ಅತ್ತಿಗೆ ನಮ್ಮ ಕಂಪ್ಲಿಯ ಮನೆಯ ಹಿತ್ತಲಲ್ಲಿ ಮೂರು ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಒಂದಕ್ಕೆ ಕೆಂಪು ಅರಿವೆ ಸುತ್ತಿದ್ದಳು, ಒಂದಕ್ಕೆ ಹಸಿರು, ಇನ್ನೊಂದಕ್ಕೆ ಬಿಳಿ. ಓಣಿಯ ಹೆಂಗಸರ ಕೈಗೆ ಒಂದೊಂದು ಹುಣಸೆ ಬೀಜ ಕೊಟ್ಟು, ಕೆಂಪು ಡಬ್ಬಿಯಲ್ಲಿ ಹಾಕಿಸುತ್ತಿದ್ದಳು. ಮದ್ರಾಸಿನ ಶಾಸನಸಭೆಗೆ ನಿಂತವರಿಗೆಲ್ಲ ಒಂದೊಂದು ಬಣ್ಣದ ಡಬ್ಬಿ ಕೊಟ್ಟಿದ್ದರು. ಕೆಂಪು ನನ್ನ ಅಣ್ಣನದು.

ನಮ್ಮ ಪಕ್ಕದ ಮನೆಯ ಮುದುಕಿ ಬೀಜವನ್ನು ಹಸಿರು ಡಬ್ಬಿಗೆ ಹಾಕಿದಳು.

"ಯಮ್ಮಾ, ಕೆಂಪಿಗೆ ಹಾಕು ಅಂದ್ರ ಹಸರಿಗೆ ಯಾಕ ಹಾಕ್ತಿ?" ಎಂದಳು ಅತ್ತಿಗೆ.

"ಹಸರು ಚೆಂದ ಐತಲ್ಲೇ ಯವ್ವಾ. ಮುತ್ತೈದಿ ಬಣ್ಣ."

"ಚೆಂದ ಇದ್ರ ಸೀರಿ ತಗೊಂಡು ಉಟ್ಕೋ. ಓಟು ಮಾತ್ರ ಕೆಂಪಿಗೆ."

"ನಿನ್ನ ಗಂಡ ಮದ್ರಾಸಿಗೆ ಹೋದ ಮ್ಯಾಲೆ ನಮಗ ಸೀರಿ ತರ್ತಾನಂತೇನು?"

"ನನಗ ತಂದ್ರ ಸಾಕವ್ವಾ, ನಿನಗೆಲ್ಲಿ ತರ್ತಾನ!"

ಎಲ್ಲರೂ ನಕ್ಕರು. ಅವ್ವ ಕೂಡ ಅಕ್ಕಿ ಆರಿಸುವ ಮೊರ ಕೆಳಗಿಟ್ಟು ನಕ್ಕಳು. ಅವ್ವ ಅತ್ತಿಗೆಯ ಮಾತಿಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಕೊನೆ.

ಅಣ್ಣನಿಗೆ ಅಕ್ಕಿ ಗಿರಣಿ ಇತ್ತು. ಮಾತು ಚೆನ್ನಾಗಿ ಬರುತ್ತಿತ್ತು. ಅವನ ಎದುರು ನಿಂತವರು ಹೊಸಪೇಟೆಯ ದೊಡ್ಡ ಜಮೀನುದಾರರು. ಅವರ ಕಡೆ ಗಂಡಸರ ಓಟು ಹೆಚ್ಚಿದ್ದವು. ಅದು ಬ್ರಿಟಿಷರ ಕಾಲ, ಆಗ ಎಲ್ಲರಿಗೂ ಓಟು ಇರಲಿಲ್ಲ. ಕಂದಾಯ ಕಟ್ಟುವವರಿಗೆ ಇತ್ತು, ಅವರ ಹೆಂಡಂದಿರಿಗೂ ಇತ್ತು. ಹೆಂಗಸರು ಯಾರೂ ಬರುವುದಿಲ್ಲ ಎಂದು ಜಮೀನುದಾರರು ಅತ್ತ ಕಡೆ ತಿರುಗಿಯೂ ನೋಡಿರಲಿಲ್ಲ. ಅಣ್ಣ ನೋಡಿದ. ಪಟ್ಟಿ ಬರೆಸಿ, ಅತ್ತಿಗೆಯನ್ನು ಮನೆಮನೆಗೆ ಕಳಿಸಿದ. ಆಕೆ ಎಮ್ಮಿಗನೂರಿನ ಒಕ್ಕಲು ಮನೆಯ ಮಗಳು. ಓದು ಬರುತ್ತಿರಲಿಲ್ಲ. ಆದರೆ ಆಕೆ ಕರೆದರೆ ಬರುವುದಿಲ್ಲ ಎನ್ನುವವರು ಓಣಿಯಲ್ಲಿ ಇರಲಿಲ್ಲ.

ನಾನು ಆಗಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು ಮೂರು ವರ್ಷವಾಗಿತ್ತು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದೆ. ಬೆಳಿಗ್ಗೆ ಯಾರಾದರೂ ಊರಿಗೆ ಹೊರಟರೆ ನಾನು ಒಳಗಿರಬೇಕಿತ್ತು. ಎದುರಿಗೆ ಬರಬಾರದು. ಅತ್ತಿಗೆ ಮಾತ್ರ ಎಲ್ಲಿಗೆ ಹೊರಟರೂ ನನ್ನನ್ನು ಹೊಸ್ತಿಲಿಗೆ ಕರೆದು, "ಹೋಗಿ ಬರ್ತೀನಿ ತಂಗೀ" ಎಂದು ಹೇಳಿಯೇ ಹೋಗುತ್ತಿದ್ದಳು.

ಓಟಿನ ದಿನ ನಾಲ್ಕು ಗಾಡಿ ಹೂಡಿ ಹೆಂಗಸರನ್ನು ಶಾಲೆಗೆ ಕರೆದುಕೊಂಡು ಹೋದೆವು. ನನಗೆ ಓಟು ಇರಲಿಲ್ಲ. ಕೂಸುಗಳನ್ನು ಹಿಡಿದುಕೊಳ್ಳಲು ಹೋಗಿದ್ದೆ. ಒಂದು ಗಾಡಿ ಹೊಡೆಯುವವನು ಸಂಡೂರಿನವನು. "ನಮ್ಮಲ್ಲಿ ರಾಜರು ಅದಾರ. ಅವರು ಯಾರನ್ನೂ ಏನೂ ಕೇಳಂಗಿಲ್ಲ, ಆರಾಮ ಐತ್ರಿ" ಎಂದು ದಾರಿಯುದ್ದಕ್ಕೂ ಹಾಸ್ಯ ಮಾಡುತ್ತಿದ್ದ.

ಶಾಲೆಯ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು ಕೂತ ಅಧಿಕಾರಿ ತೆಲುಗಿನವರು. ಪಟ್ಟಿಯಲ್ಲಿ ಹೆಂಗಸರ ಹೆಸರಿನ ಮುಂದೆ ಇಂಥವರ ಹೆಂಡತಿ ಎಂದು ಬರೆದಿತ್ತು. ಗುರುತು ಹಿಡಿಯಲು ಅವರು ಮೊದಲನೆಯವಳನ್ನು ಗಂಡನ ಹೆಸರು ಕೇಳಿದರು.

ನಮಗೆ ಯಾರಿಗೂ ಈ ಯೋಚನೆಯೇ ಬಂದಿರಲಿಲ್ಲ. ಡಬ್ಬಿಯ ಬಣ್ಣ ಕಲಿಸಿದ್ದೆವು, ಚೀಟಿ ಹೇಗೆ ಮಡಚಬೇಕು ಎಂದು ಕಲಿಸಿದ್ದೆವು. ಪಟ್ಟಿ ಬರೆದವರು ಗಂಡಸರು. ಹೆಂಡತಿಯ ಬಾಯಲ್ಲಿ ಗಂಡನ ಹೆಸರು ಬರುವುದಿಲ್ಲ ಎಂಬುದು ಅವರಿಗೆ ನೆನಪಾಗಲಿಲ್ಲ. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆ ಎಂದು ನಾವೆಲ್ಲ ನಂಬಿದವರು. ಹೇಳಲೇಬೇಕಾದಾಗ ಒಡಪು ಹಾಕಿ, ಹಾಡಿನ ನಡುವೆ ಹೆಸರು ಸೇರಿಸಿ ಹೇಳುತ್ತೇವೆ. ಹಾಗೆ ಹೇಳಿದರೆ ದೋಷವಿಲ್ಲ.

ಮೊದಲನೆಯವಳು ಸೆರಗು ಎಳೆದುಕೊಂಡು ಒಡಪನ್ನೇ ಹೇಳಿದಳು: "ಗದ್ದಿ ತುಂಬ ಭತ್ತ, ಕೊಪ್ಪರಿಗಿ ತುಂಬ ಬೆಲ್ಲ..." ಮುಂದಿನ ಸಾಲಿನಲ್ಲಿ ಹೆಸರು ಬರಬೇಕು. ಅಷ್ಟರಲ್ಲಿ ಅಧಿಕಾರಿ ಕೈ ಅಡ್ಡ ಹಿಡಿದರು. "ಪಾಟ ವದ್ದಮ್ಮಾ. ಪೇರು ಚೆಪ್ಪು." ಹಾಡು ಬೇಡ, ಹೆಸರು ಹೇಳು ಎಂದು.

ಜಮೀನುದಾರರ ಕಡೆಯವನೊಬ್ಬ ಪಕ್ಕದ ಬೆಂಚಿನ ಮೇಲೆ ಕೂತಿದ್ದ. "ಪದ ಹೇಳಿದ್ರ ಓಟು ಕೊಡಬ್ಯಾಡ್ರಿ ಸ್ವಾಮಿ. ಇನ್ನು ಗೆಜ್ಜಿ ಕಟ್ಟಿ ಕುಣದ್ರ ಕಾಯ್ದೆದಾಗ ಏನೈತಿ ನೋಡ್ರಿ" ಎಂದ. ಗಂಡಸರು ಗೊಳ್ಳನೆ ನಕ್ಕರು. ಆಕೆ ಅಳುತ್ತ ಗಾಡಿಯ ಕಡೆ ನಡೆದಳು. ಅವಳ ಹಿಂದೆ ಇಬ್ಬರು ನಡೆದರು. ಸಾಲು ಒಡೆಯತೊಡಗಿತು.

ಅಣ್ಣ ಬೇವಿನ ಗಿಡದ ಕೆಳಗೆ ನಿಂತಿದ್ದ. ಬಂದು ಅತ್ತಿಗೆಯ ಹತ್ತಿರ ನಿಂತು ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. "ಇವರು ಹ್ವಾದ್ರ ನಾ ಹೋದಂಗ. ಏನಾರ ಮಾಡು."

ಅತ್ತಿಗೆ ಮೇಜಿನ ಮುಂದೆ ಹೋಗಿ ನಿಂತಳು. ಅಣ್ಣನ ಹೆಸರನ್ನು ಹೇಳಿದಳು. ಒಡಪಿಲ್ಲದೆ, ಹಿಂದೆ ಮುಂದೆ ಏನೂ ಇಲ್ಲದೆ, ಮಗನನ್ನು ಕರೆದ ಹಾಗೆ. ಚೀಟಿ ಇಸಿದುಕೊಂಡು ಆಕೆ ಹಿಂದೆ ತಿರುಗಿ, "ಬರ್ರೇ, ಏನೂ ಆಗಂಗಿಲ್ಲ. ಆದ್ರ ನನ್ನ ತಲಿಮ್ಯಾಲೆ ಬರ್ಲಿ" ಎಂದಳು.

ಆ ಮಾತಿನ ಮೇಲೆ ಎಲ್ಲರೂ ಹೆಸರು ಹೇಳಿದರು. ಕೆಲವರು ಹೇಳಿ ಕೆನ್ನೆ ಬಡಿದುಕೊಂಡರು. ಪಕ್ಕದ ಮನೆಯ ಮುದುಕಿ ಹೇಳಿ ನೆಲಕ್ಕೆ ಕೈ ಮುಟ್ಟಿ ನಮಸ್ಕಾರ ಮಾಡಿದಳು. ಅಣ್ಣ ಗೆದ್ದ. ಗೆದ್ದದ್ದು ಕಂಪ್ಲಿಯ ಹೆಂಗಸರ ಓಟಿನಿಂದ ಎಂದು ಅವನೇ ಎಲ್ಲರೆದುರು ಹೇಳಿದ.

ಅವ್ವ ಅತ್ತಿಗೆಯೊಂದಿಗೆ ಮಾತು ಬಿಟ್ಟಳು. ನೀರು ಬೇಕಾದರೆ ನನಗೆ ಹೇಳುತ್ತಿದ್ದಳು, ಆಕೆ ಅಲ್ಲೇ ನಿಂತಿದ್ದರೂ.

ಆ ಬೇಸಿಗೆಯಲ್ಲಿ ಮದ್ರಾಸಿನಿಂದ ಅಣ್ಣನ ಸಭೆಯ ಮೂವರು ಹಂಪಿ ನೋಡಲು ಬಂದರು. ಹೊಸಪೇಟೆ ಸ್ಟೇಷನ್ನಿನಲ್ಲಿ ಇಳಿದು ಹಂಪಿ ನೋಡಿಕೊಂಡು ನಮ್ಮ ಮನೆಗೆ ಊಟಕ್ಕೆ ಬಂದರು. ಊಟ ಮಾಡುತ್ತ ಅಣ್ಣ ಅವರಿಗೆ ಓಟಿನ ದಿನದ ಕಥೆ ಹೇಳಿದ. ಸಭೆಯಲ್ಲೂ ಅದನ್ನು ಹೇಳಿದ್ದನಂತೆ, ಎಲ್ಲರೂ ಮೇಜು ಬಡಿದರಂತೆ. ಒಬ್ಬರಿಗೆ ಆಕೆಯನ್ನು ನೋಡಬೇಕೆನ್ನಿಸಿತು. ಅಣ್ಣ ಕರೆದ. ಅತ್ತಿಗೆ ಕೈಯಲ್ಲಿ ರೊಟ್ಟಿಯ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಳು.

"ಇನ್ನೊಂದು ಸಲ ಹೇಳಲಿ, ಕೇಳೋಣ" ಎಂದರು ಬಂದವರು.

ಅತ್ತಿಗೆ ಅಣ್ಣನ ಮುಖ ನೋಡಿದಳು. "ಬ್ಯಾಡ್ರಿ" ಎಂದಳು.

"ಹೇಳು. ಅಷ್ಟು ಮಂದ್ಯಾಗ ಹೇಳಿದಾಕಿ, ಇಲ್ಲಿ ಏನಾಗ್ತೈತಿ?" ಎಂದ ಅಣ್ಣ, ನಗುತ್ತ.

ಆಕೆ ಹೇಳಿದಳು. ಅವರು ಚಪ್ಪಾಳೆ ತಟ್ಟಿದರು. ಒಳಗೆ ಒಲೆಯ ಮುಂದೆ ಕೂತ ಅವ್ವ ಊದುಗೊಳವೆಯನ್ನು ನೆಲಕ್ಕೆ ಕುಕ್ಕಿದಳು.

ಮಳೆ ಮುಗಿದು ಗದ್ದೆಗಳಲ್ಲಿ ನೀರು ನಿಂತ ಕಾಲಕ್ಕೆ ಚಳಿಜ್ವರ ಬಂತು. ನಮ್ಮ ಕಡೆ ಪ್ರತಿ ವರ್ಷವೂ ಬರುತ್ತಿತ್ತು. ಪ್ರತಿ ವರ್ಷವೂ ಒಬ್ಬಿಬ್ಬರು ಸಾಯುತ್ತಿದ್ದರು. ಆ ವರ್ಷ ನಮ್ಮ ಓಣಿಯಲ್ಲಿ ಸತ್ತ ಇಬ್ಬರೂ ಗಂಡಸರು. ಇಬ್ಬರ ಹೆಂಡಂದಿರೂ ಆ ಸಾಲಿನಲ್ಲಿ ನಿಂತವರು. ಎರಡನೆಯವಳು ಮಣ್ಣಿನ ಮರುದಿನ ನಮ್ಮ ಬಾಗಿಲಿಗೆ ಬಂದು ಒಡೆದ ಬಳೆಗಳನ್ನು ಕಟ್ಟೆಯ ಮೇಲೆ ಸುರಿದಳು. "ನಿನ್ನ ತಲಿಮ್ಯಾಲೆ ಬರ್ಲಿ ಅಂದಿದ್ದಿ. ತಗೋ" ಎಂದಳು. ಅತ್ತಿಗೆ ಆ ಚೂರುಗಳನ್ನು ಒಂದೊಂದಾಗಿ ಆರಿಸಿ ಸೆರಗಿನಲ್ಲಿ ಹಾಕಿಕೊಂಡಳು. ಎಲ್ಲಿ ಹಾಕಬೇಕೆಂದು ಆಕೆಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಅದೇ ವಾರ ಅಣ್ಣ ಮದ್ರಾಸಿನಿಂದ ಜ್ವರ ಹೊತ್ತುಕೊಂಡೇ ಬಂದ. ಹನ್ನೆರಡು ದಿನ ಮಲಗಿದ. ಅವ್ವ ಅತ್ತಿಗೆಯನ್ನು ಆ ಕೋಣೆಯೊಳಗೆ ಬಿಡಲಿಲ್ಲ. ಗಂಜಿ ಕಾಯಿಸುವವಳು ಆಕೆ, ಒಯ್ಯುವವಳು ನಾನು. ವಿಧವೆ ಮುಟ್ಟಿದ ಗಂಜಿ ನಡೆಯುತ್ತಿತ್ತು, ಹೆಂಡತಿಯ ನೆರಳು ನಡೆಯುತ್ತಿರಲಿಲ್ಲ.

ಅಣ್ಣ ಎದ್ದು ಕೂತ ಮೇಲೆ ಓಣಿಯ ಹಿರಿಯರು ಬಂದರು. ಅವರು ಗಟ್ಟಿಯಾಗಿ ಏನೂ ಮಾತಾಡಲಿಲ್ಲ. "ಧಣೀ, ಮುಂದಿನ ಸಲಾನೂ ನಿಮಗೇ ಹಾಕ್ತೀವಿ, ಅದರಾಗ ಎರಡು ಮಾತಿಲ್ಲ. ಆದ್ರ ಆಕಿ ಓಣ್ಯಾಗ ಇದ್ರ ನಮ್ಮ ಹೆಂಗಸರು ಬಾವಿಯಿಂದ ನೀರು ಸೈತ ತರವಲ್ಲರು" ಎಂದರು. ಅಣ್ಣನಿಗೆ ಇದೆಲ್ಲ ಸುಳ್ಳು ಎಂದು ಗೊತ್ತಿತ್ತು. ಮದ್ರಾಸಿನಲ್ಲಿ ಅವನು ಇಂಥ ನಂಬಿಕೆಗಳ ವಿರುದ್ಧವೇ ಮಾತಾಡುತ್ತಿದ್ದ. ಅವರಿಗೆ ಎಲೆ ಅಡಿಕೆ ಕೊಟ್ಟು ಕಳಿಸಿದ.

ಮರುದಿನ ಊಟಕ್ಕೆ ಕೂತಾಗ ಅತ್ತಿಗೆಗೆ ಹೇಳಿದ: "ಎಮ್ಮಿಗನೂರಿಗೆ ಹೋಗಿರು. ಬಹಳ ದಿನ ಅಲ್ಲ. ಮಂದಿ ಬಾಯಿ ಮುಚ್ಚೋತನಕ."

"ಕರಿಯಾಕ ಯಾರು ಬರ್ತಾರ್ರಿ?"

ನಮ್ಮಲ್ಲಿ ತವರಿಗೆ ಹೋದ ಹೆಣ್ಣು ತಾನಾಗಿ ತಿರುಗಿ ಬರುವಂತಿಲ್ಲ. ಗಂಡನ ಮನೆಯಿಂದ ಒಬ್ಬರು ಹೋಗಿ ಕರೆಯಬೇಕು. ಅದಕ್ಕೇ ಕೇಳಿದಳು.

"ಯಾರಾದ್ರೂ ಬರ್ತಾರ" ಎಂದ ಅಣ್ಣ, ಅನ್ನ ಕಲಸುತ್ತ.

ಎಮ್ಮಿಗನೂರು ದೂರದ ಊರಲ್ಲ. ನಸುಕಿನಲ್ಲಿ ಗಾಡಿ ಹೂಡಿದರೆ ಬಿಸಿಲೇರುವ ಮೊದಲೇ ಹೋಗಿ ಮುಟ್ಟಬಹುದು. ಎಂಟು ವರ್ಷ ಯಾರೂ ಹೋಗಲಿಲ್ಲ. ಆಕೆಯ ತಮ್ಮಂದಿರು ಎರಡು ಸಲ ಬಂದು ಕೇಳಿದರು. ಅಣ್ಣ ಮನೆಯಲ್ಲಿದ್ದೂ ಇಲ್ಲ ಎನ್ನಿಸಿದ. ಆ ಮಾತನ್ನು ಬಾಗಿಲಿಗೆ ಹೋಗಿ ಹೇಳಿದವಳು ನಾನು.

ಮತ್ತೆ ಓಟು ಬಂತು. ಈ ಸಲ ಹೆಂಗಸರು ಗಾಡಿ ಹತ್ತಲು ಒಪ್ಪಲಿಲ್ಲ. ಜಮೀನುದಾರರ ಕಡೆಯವರು ಸುಮ್ಮನಿರಲಿಲ್ಲ. "ಸ್ವಂತ ಹೆಂಡತೀನ ಹೊರಗ ಹಾಕಿದಾಂವ ನಿಮ್ಮನ್ನೇನು ಕಾಯ್ತಾನ?" ಎಂದು ಮನೆಮನೆಗೆ ಹೋಗಿ ಹೇಳಿದರು. ಮೊದಲು ಆಕೆಯನ್ನು ಕಳಿಸಿ ಎಂದ ಊರೇ ಈಗ ಯಾಕೆ ಕಳಿಸಿದೆ ಎಂದು ಕೇಳಿತು. ಆಕೆಯ ಓಟೂ ಕಂಪ್ಲಿಯ ಪಟ್ಟಿಯಲ್ಲೇ ಇತ್ತು. ಅಣ್ಣ ನನ್ನನ್ನು ಕರೆದು, "ನಾಳೆ ಆಕೀನ ಕರಕೊಂಡು ಬಾ. ಮಂದಿ ನೋಡಬೇಕು, ಓಟು ಹಾಕಬೇಕು. ಸಂಜಿಗೆ ಗಾಡಿ ವಾಪಸು ಹೋಗ್ತೈತಿ" ಎಂದ.

"ಅಣ್ಣಾ, ಕರಿಯಾಕ ನಾ ಹೋಗಬಹುದೇನು?" ಎಂದು ಕೇಳಿದೆ. ಆ ಕೆಲಸಕ್ಕೆ ಮುತ್ತೈದೆ ಹೋಗಬೇಕು.

ಒಳಗಿನಿಂದ ಅವ್ವ ಹೇಳಿದಳು: "ಇದು ಕರಿಯೋದಲ್ಲ. ನೀ ಹೋದ್ರ ನಡೀತೈತಿ."

ಅತ್ತಿಗೆ ಬಡಕಲಾಗಿದ್ದಳು. ಕೂದಲು ಬೆಳ್ಳಗಾಗಿತ್ತು. ಗಾಡಿಯ ಸದ್ದಿಗೆ ಹೊರಗೆ ಬಂದು ನನ್ನನ್ನು ನೋಡಿ ನಿಂತಳು.

"ನಿನ್ನ ಕಳಿಸ್ಯಾರಾ?"

"ಮನಿಯಾಗ ಬ್ಯಾರೆ ಮುತ್ತೈದಿ ಯಾರದಾರ ಅತ್ತಿಗೀ? ಅದಕ್ಕ ನಾ ಬಂದೆ."

"ಕರಿಯಾಕ ಬಂದಿಯೋ, ಓಟಿಗೆ ಬಂದಿಯೋ?"

ನಾನು ಗಾಡಿಯಲ್ಲಿ ಬರುವಾಗಲೇ ಯೋಚಿಸಿಕೊಂಡು ಬಂದಿದ್ದೆ. ನಿಜ ಹೇಳಿದರೆ ಬರುವುದಿಲ್ಲ, ಬರದಿದ್ದರೆ ಅಣ್ಣ ಸೋಲುತ್ತಾನೆ. ಅಣ್ಣ ಸೋತರೆ ಆ ಮನೆಯಲ್ಲಿ ನನ್ನ ಅನ್ನಕ್ಕೆ ಕಲ್ಲು. "ಕರಿಯಾಕ" ಎಂದೆ.

ಆಕೆ ಒಳಗೆ ಹೋಗಿ ಎಲ್ಲ ಸೀರೆಗಳನ್ನೂ ಗಂಟು ಕಟ್ಟಿಕೊಂಡು ಬಂದಳು. ತಮ್ಮನ ಹೆಂಡತಿ ಉಡಿ ತುಂಬಿದಳು. ದಾರಿಯಲ್ಲಿ ಅತ್ತಿಗೆ ನಮ್ಮ ಮನೆಯ ಒಂದೊಂದನ್ನೂ ಕೇಳಿದಳು. ಕಪ್ಪು ಎಮ್ಮೆ ಇದೆಯೋ, ಹಿತ್ತಲ ನುಗ್ಗೆ ಗಿಡ ಬಿದ್ದಿತೋ ಇದೆಯೋ, ಅಣ್ಣನಿಗೆ ಈಗಲೂ ಬೆಳಿಗ್ಗೆ ಬಿಸಿ ರೊಟ್ಟಿಯೇ ಬೇಕೋ. ನಾನು ಎಲ್ಲಕ್ಕೂ ಉತ್ತರ ಕೊಟ್ಟೆ.

ಶಾಲೆಯ ಮುಂದೆ ಅಣ್ಣ ಎಲ್ಲರೆದುರು ಆಕೆಯ ಕೈ ಹಿಡಿದು ಗಾಡಿಯಿಂದ ಇಳಿಸಿದ. ಹೆಂಗಸರು ನೋಡಿದರು. ಅರ್ಧ ಗಂಟೆಯಲ್ಲಿ ಗಾಡಿಗಳು ತುಂಬಿ ಬರತೊಡಗಿದವು. ಅತ್ತಿಗೆ ಮತ್ತೆ ಮೇಜಿನ ಮುಂದೆ ನಿಂತು ಹೆಸರು ಹೇಳಿ ಓಟು ಹಾಕಿ ಬಂದಳು. ಸಂಜೆಯ ತನಕ ಆಕೆಯನ್ನು ಬೆಂಚಿನ ಮೇಲೆ ಕೂರಿಸಿದ್ದರು. ಗಂಟು ಪಕ್ಕದಲ್ಲೇ ಇತ್ತು.

ಗಾಡಿ ಹೊರಟು ನಮ್ಮ ಓಣಿಯ ತಿರುವನ್ನು ದಾಟಿ ಮುಂದೆ ಹೋಯಿತು. "ಓಣಿ ಹಿಂದಾತಲ್ಲೋ ತಮ್ಮಾ" ಎಂದಳು ಗಾಡಿಯವನಿಗೆ.

"ಎಮ್ಮಿಗನೂರಿಗೆ ಅಂದಾರವ್ವಾ."

ಆಕೆ ನನ್ನನ್ನು ಬಯ್ಯಲಿಲ್ಲ. ಗಂಟನ್ನು ಮಡಿಲಿಗೆ ಎಳೆದುಕೊಂಡು, "ಖರೇ ಹೇಳಿದ್ರೂ ಬರ್ತಿದ್ದೆ ತಂಗೀ. ಗಂಟು ಅಷ್ಟ ಕಟ್ಟತಿದ್ದಿಲ್ಲ" ಎಂದಳು. ಊರಿನ ಅಗಸಿ ಬಾಗಿಲ ಹೊರಗೆ ನನ್ನನ್ನು ಇಳಿಸಿದರು.

ಅಣ್ಣ ಗೆದ್ದ. ಹಾರ ಹಾಕಿಸಿಕೊಂಡು ಓಣಿಯಲ್ಲಿ ಮೆರವಣಿಗೆ ಬಂದ. ಅದಾಗಿ ಆರು ತಿಂಗಳಿಗೆ ಅತ್ತಿಗೆ ಜ್ವರ ಬಂದು ಸತ್ತಳು. ಸುದ್ದಿ ತಂದವನಿಗೆ ಅವ್ವ ಮಜ್ಜಿಗೆ ಕೊಟ್ಟಳು. ಅಣ್ಣ ಮದ್ರಾಸಿನಲ್ಲಿದ್ದ. ತಂತಿ ಕೊಡಲಿಲ್ಲ. ನಾನೂ ಹೋಗಲಿಲ್ಲ. ಯಾರೂ ನನ್ನನ್ನು ತಡೆದಿರಲಿಲ್ಲ. ಅವಳ ತಮ್ಮಂದಿರ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಒಂದು ವರ್ಷ ಕಳೆದ ಮೇಲೆ ಒಬ್ಬಳೇ ಹೋದೆ. ಆಕೆಯ ತಮ್ಮ ಮುಂದೆ ಮುಂದೆ ನಡೆದು, ತಮ್ಮ ಕಬ್ಬಿನ ಹೊಲದ ಬದುವಿನಲ್ಲಿ ಜಾಗ ತೋರಿಸಿದ. ಹುಲ್ಲು ಬೆಳೆದಿತ್ತು. ಗುರುತಿಗೆ ಏನೂ ಇರಲಿಲ್ಲ. ಯಾಕೆ ಎಂದು ಕೇಳಿದೆ.

"ಮುತ್ತೈದಿ ಸಾವು. ಕಲ್ಲು ಗಂಡನ ಮನಿಯವರು ಹಾಕಬೇಕು" ಎಂದ. "ನಾವು ಹಾಕಿದ್ರ ಆಕಿಗೆ ಮನಿ ಇಲ್ಲ ಅಂದಂಗ ಆಗ್ತೈತಿ."

ಬಂದು ಅಣ್ಣನಿಗೆ ಹೇಳಿದೆ. ನೋಡೋಣ ಎಂದ. ಆಮೇಲೆ ಎರಡು ಸಲ ಹೇಳಿದೆ. ನಮ್ಮ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಅಣ್ಣನೂ ಹೋದ, ಅವ್ವನೂ ಹೋದಳು. ನಾನು ಉಳಿದಿದ್ದೇನೆ. ಮುತ್ತೈದೆಗೆ ವಿಧವೆ ಇಟ್ಟ ಕಲ್ಲನ್ನು ಆಕೆಯ ತಮ್ಮಂದಿರು ಒಪ್ಪುವುದಿಲ್ಲ. ಎಮ್ಮಿಗನೂರಿನ ಆ ಬದುವಿನ ಮೇಲೆ ಇನ್ನೂ ಕಲ್ಲು ಇಲ್ಲ.