ಕಬ್ಬಿಣದ ಬಾಗಿಲು

ಒಂದು ಮನೆಗೆ ವಿಡಿಯೋ ಗೇಮ್ ಬಂದರೆ ಓಣಿಯ ಮಕ್ಕಳೆಲ್ಲ ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಆ ಮನೆಯ ಟಿವಿ ಮುಂದೆ ಸಾಲಾಗಿ ಕೂರುತ್ತಿದ್ದ ಕಾಲವದು. ನಮ್ಮ ಮೂಡಲಗಿಯಲ್ಲಿ ಕರೆಂಟು ಇದ್ದಷ್ಟು ಹೊತ್ತು ಆಟ. ಹೋದರೆ ಆಡಿದ್ದೆಲ್ಲ ನೀರಿನಲ್ಲಿ ಹೋಮ. ಆಟವನ್ನು ನಡುವೆ ಉಳಿಸಿಡುವ ಸೌಕರ್ಯ ಆ ಡಬ್ಬಿಯಲ್ಲಿ ಇರಲಿಲ್ಲ. ಅದಕ್ಕೇ ಐದನೆಯ ತರಗತಿ ಮುಗಿದ ಬೇಸಿಗೆಯಲ್ಲಿ ನಾನು ನಮ್ಮ ಮನೆಯ ಗೇಮನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಗೋಕಾಕ ಫಾಲ್ಸಿಗೆ ಮಾಮಾನ ಮನೆಗೆ ಹೋದೆ. ಮಾಮಾ ಎಂದರೆ ಅವ್ವನ ತಮ್ಮ, ಅಲ್ಲಿನ ನೂಲಿನ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅವನ ಕ್ವಾರ್ಟರ್ಸಿನಲ್ಲಿ ಕರೆಂಟು ಅಷ್ಟು ಸುಲಭಕ್ಕೆ ಹೋಗುತ್ತಿರಲಿಲ್ಲ.

ಆಟ ಬಲು ಕಷ್ಟದ್ದು. ನೀಲಿ ಅಂಗಿಯ ಒಬ್ಬ ಪುಟ್ಟ ಮನುಷ್ಯ ಹಲಗೆಯಿಂದ ಹಲಗೆಗೆ ಹಾರುತ್ತ, ಮುಳ್ಳು, ಬಾವಲಿಗಳನ್ನು ತಪ್ಪಿಸಿಕೊಂಡು ಗೋಪುರ ಹತ್ತಬೇಕು. ನಾವು ಅವನಿಗೆ ಬಸ್ಯಾ ಎಂದು ಹೆಸರಿಟ್ಟಿದ್ದೆವು. ಬಸ್ಯಾನಿಗೆ ಮೂರೇ ಜೀವ. ಮೂರೂ ಹೋದರೆ ಮತ್ತೆ ನೆಲದಿಂದ ಶುರು. ಗುಂಡಿ ಒತ್ತುವುದು ಕೂದಲೆಳೆಯಷ್ಟು ತಡವಾದರೂ ಬೀಳುತ್ತಿದ್ದ. ಬಿದ್ದಾಗ ಸಿಟ್ಟು ಬರುತ್ತಿತ್ತು, ಆದರೆ ಆಟದ ಮೇಲಲ್ಲ, ನಮ್ಮ ಬೆರಳಿನ ಮೇಲೆ. ಇನ್ನೊಮ್ಮೆ ಆಡಿದರೆ ದಾಟಿಯೇನು ಅನಿಸುತ್ತಿತ್ತು.

ಮಾಮಾ ರಾತ್ರಿಪಾಳಿ ಮುಗಿಸಿ ಬೆಳಿಗ್ಗೆ ಬರುತ್ತಿದ್ದ. ಹುಬ್ಬಿನ ಮೇಲೆ ಹತ್ತಿಯ ಎಳೆ, ಅಂಗಿಗೆ ಮಶೀನಿನ ಎಣ್ಣೆಯ ವಾಸನೆ. ಮಾಮಿ ಕೊಟ್ಟ ಚುರುಮುರಿ ಸೂಸಲಾವನ್ನು ಅರ್ಧ ತಿಂದು, ಗೋಡೆಗೊರಗಿ ನನ್ನ ಆಟ ನೋಡುತ್ತಿದ್ದ. ಒಂದು ದಿನ "ಇತ್ಲಾಗ ತಾ" ಎಂದು ಆಟದ ರಿಮೋಟು ಇಸಿದುಕೊಂಡ. ಬಸ್ಯಾ ಮೊದಲ ಜಿಗಿತಕ್ಕೇ ಬಿದ್ದ. ಮರುದಿನವೂ ಮಾಮಾ ರಿಮೋಟು ಕೇಳಿದ.

"ಏನ್ರಿ ಇದು, ಸಣ್ಣ ಹುಡುಗೂರ ಗತೆ. ಒಂದೀಟು ನಿದ್ದಿ ಮಾಡ್ರಿ," ಎಂದು ಮಾಮಿ ಬೈದಳು.

"ಮಿಲ್ಲಿನ್ಯಾಗ ಎಳಿ ಕಡಿತೈತಿ, ಜೋಡಸ್ತೇನಿ. ಮತ್ತ ಕಡಿತೈತಿ," ಎಂದ ಮಾಮಾ, ಟಿವಿಯಿಂದ ಕಣ್ಣು ಕೀಳದೆ. "ಅದಕ್ಕ ಕಡೀ ಅನ್ನೂದ ಇಲ್ಲ. ಇದಕ್ಕರ ಒಂದು ಕಡೀ ಬಾಗಲಾ ಐತಿ. ಅದರ ಆಚೀಕ ಏನೈತಿ ನೋಡಬೇಕಾಗೇತಿ."

ಆ ಬಾಗಿಲು ಗೋಪುರದ ತುದಿಯಲ್ಲಿತ್ತು, ಕಬ್ಬಿಣದ್ದು. ಹಾರುವುದು ಮಾಮಾನದು, ಬಾವಲಿ ಬರುವ ಹೊತ್ತು ಹೇಳುವುದು ನನ್ನದು ಎಂದು ಕೆಲಸ ಹಂಚಿಕೊಂಡು, ಮೇ ತಿಂಗಳ ನಡುವೆ ಅಲ್ಲಿಗೆ ಮುಟ್ಟಿದೆವು. ಬಸ್ಯಾ ಬಾಗಿಲ ಮುಂದೆ ನಿಂತ. ಅದು ತೆರೆಯಲಿಲ್ಲ. ಅವನನ್ನು ಹಾರಿಸಿದೆವು, ಬಗ್ಗಿಸಿದೆವು, ಎರಡೂ ಗುಂಡಿ ಕೂಡಿಸಿ ಒತ್ತಿದೆವು. ಸಂತೆಯಲ್ಲಿ ಕೊಂಡಿದ್ದ ಆಟದ ಕ್ಯಾಸೆಟ್ಟು ತೆಗೆದು ಉಫ್ ಎಂದು ಊದಿ ಹಾಕಿ, ದಾರಿಯಲ್ಲಿ ಸಿಗುವ ಕೀಲಿಕೈ ಒಂದನ್ನೂ ಬಿಡದೆ ಆಯ್ದುಕೊಂಡು ಬಂದೆವು. ಉಹೂಂ.

"ನೀವಂತೂ ಮಲಗಂಗಿಲ್ಲ, ಆ ಬಾಗಲದ ಒಳಗಿನವ್ರರ ಮಲಗಲಿ ಬಿಡ್ರಿ," ಎಂದು ಮಾಮಿ ನಕ್ಕಳು.

ಮಾಮಾ ನಗಲಿಲ್ಲ. "ನಮ್ಮದ ಎಲ್ಲೋ ಏನೋ ತಪ್ಪಾಕತ್ತೈತಿ," ಎನ್ನುತ್ತಿದ್ದ. ರಜೆ ಮುಗಿದು ನಾನು ಊರಿಗೆ ಹೊರಟ ದಿನ ಬಸ್ಸಿನ ಹೊತ್ತಾಗುವ ತನಕ ಆಡಿದ. ಕೊನೆಗೆ ಬಸ್ಯಾನನ್ನು ಬಾಗಿಲ ಮುಂದೆ ನಿಲ್ಲಿಸಿ, ಕೆಂಪಗಾದ ಕಣ್ಣು ಉಜ್ಜಿಕೊಂಡು, ತಾನೇ ಸ್ವಿಚ್ಚು ಆರಿಸಿದ. ಅವನು ಅಷ್ಟು ಸೋತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಮುಂದಿನ ಬೇಸಿಗೆಯ ಹೊತ್ತಿಗೆ ನಮ್ಮ ಗೇಮು ಕೆಟ್ಟು ಮೂಲೆ ಸೇರಿತ್ತು.

ಈಗ ನಾನು ಹುಕ್ಕೇರಿಯಲ್ಲಿ ನರ್ಸು. ಡ್ಯೂಟಿ ಮುಗಿಸಿ ಬಂದರೆ ಮೀನಖಂಡ ಹಿಡಿದುಕೊಂಡಿರುತ್ತದೆ, ಆದರೂ ನಿದ್ದೆ ಹತ್ತಿರ ಸುಳಿಯುವುದಿಲ್ಲ. ಅಂಥ ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಆ ಆಟ ಸಿಕ್ಕಿತು. ಗಾಜಿನ ಮೇಲೆ ಬೆರಳು ಜಾರುತ್ತಿತ್ತು. ಬಸ್ಯಾ ಮೊದಲಿನ ಹಾಗೆಯೇ ಬಿದ್ದ, ನಾನೂ ಮೊದಲಿನ ಹಾಗೆಯೇ ಹಟ ಹಿಡಿದೆ. ಕೆಲವು ವಾರಗಳ ಮೇಲೆ ತುದಿ ಮುಟ್ಟಿದಾಗ ಬಾಗಿಲು ತಾನಾಗಿಯೇ ತೆರೆಯಿತು. ನಾನು ಹೊಸದೇನನ್ನೂ ಮಾಡಿರಲಿಲ್ಲ. ಆಟದ ಕೆಳಗೆ ನನ್ನ ವಯಸ್ಸಿನವರು ಬರೆದುಕೊಂಡಿದ್ದರು: ಸಂತೆಯಲ್ಲಿ ಸಿಗುತ್ತಿದ್ದ ಡೂಪ್ಲಿಕೇಟ್ ಕ್ಯಾಸೆಟ್ಟುಗಳಲ್ಲಿ ಆ ಬಾಗಿಲು ತೆರೆಯುತ್ತಲೇ ಇರಲಿಲ್ಲವಂತೆ.

ಮಾಮಾನಿಗೆ ಫೋನು ಮಾಡಿದೆ. ಅವನು ಮಿಲ್ಲಿನ ಕೆಲಸ ಬಿಟ್ಟು ವರ್ಷಗಳಾದವು; ಕಿವಿ ಮಂದ, ಎರಡೆರಡು ಸಲ ಹೇಳಬೇಕಾಯಿತು.

"ಹಂಗಾರ ನಾವು ಬರೋಬರಿನ ಆಡಿದ್ವಿ ಅನ್ನು," ಎಂದ.

"ಹೂಂ ಮಾಮಾ. ತಪ್ಪು ಕ್ಯಾಸೆಟ್ಟಿಂದು."

ಮುಂದೆ ಏನು ಕೇಳುತ್ತಾನೆಂದು ನನಗೆ ಗೊತ್ತಿತ್ತು. ಕೇಳದಿದ್ದರೆ ಸಾಕು ಅನಿಸಿತು.

"ಒಳಗ ಏನಿತ್ತು?"

"ಏನೂ ಇಲ್ಲ. ಬಾಗಲಾ ತಗದ ಕೂಡ್ಲೇ ಆಟ ಮತ್ತ ನೆಲದಿಂದ ಶುರು ಆಗ್ತೈತಿ. ಬಾವಲಿ ಅಷ್ಟ ಜಾಸ್ತಿ."

ಮಾಮಾ ಕೆಮ್ಮು ಬರುವವರೆಗೂ ನಕ್ಕ. "ಆವಾಗ ತಗೀಲಿಲ್ಲ, ಚಲೋ ಆತು ಬಿಡು," ಎಂದ.

ನನಗೆ ನಗು ಬರಲಿಲ್ಲ. ಆ ಬೇಸಿಗೆಯಲ್ಲಿ ನಾವಿಬ್ಬರೂ ಬಸ್ಯಾ ಬಿದ್ದ ಮರುಗಳಿಗೆಯೇ ಗುಂಡಿ ಒತ್ತುತ್ತಿದ್ದೆವು, ಬಾಗಿಲಾಚೆ ಏನೋ ಇದ್ದೇ ಇದೆ ಎಂಬ ನಂಬಿಕೆಯಿಂದ. ನಿದ್ದೆಗೆಟ್ಟ ಮಾಮಾನಿಗೂ ಆ ನಂಬಿಕೆಯಿತ್ತು. ಅದು ನನ್ನಿಂದ ಎಲ್ಲಿ, ಯಾವಾಗ ಜಾರಿತೋ ತಿಳಿಯದೆ, ಫೋನು ಇಟ್ಟು ಸಂಜೆಯ ಡ್ಯೂಟಿಗೆ ಹೊರಟೆ.